ಕಚ್ಚಾ ದನಿ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಸೌಂಡ್ ಇಂಜಿನಿಯರ್ ಫೋನ್ ಮಾಡಿದ್ದ. ಬಿಸಿಲು, ಮೊಣಕಾಲು ನೋವು, ಮಕ್ಕಳ ಶಾಲೆ ಎಂದು ಊರೆಲ್ಲ ಸುತ್ತಿದ. ಅವನು ಹೀಗೆ ಸುತ್ತಿದರೆ ಕೆಟ್ಟ ಸುದ್ದಿ ಇದೆ ಎಂದೇ ಲೆಕ್ಕ. ಕೊನೆಗೆ ಬಾಯಿಬಿಟ್ಟ. "ಸಿಡಿಲು ಹೊಸ ಸಿನಿಮಾ ಮುಗಿಸಿದಾರೆ ಅಣ್ಣ. ಒಂದೂ ಫೈಟ್ ಇಲ್ವಂತೆ. ಇದೇ ಕೊನೇದು ಅಂತಾನೂ ಹೇಳ್ತಿದಾರೆ. ಡಬ್ಬಿಂಗ್... ಅವರೇ ಮಾಡ್ತಾರಂತೆ."

ಪೋಸ್ಟರುಗಳಲ್ಲಿ ಆ ಹೀರೋನ ಹೆಸರಿಗಿಂತ 'ಸಿಡಿಲು' ಎಂಬ ಬಿರುದೇ ದಪ್ಪ ಅಕ್ಷರದಲ್ಲಿ ಇರುತ್ತದೆ. ಸರಿ, ಆದರೆ ಆ ಸಿಡಿಲು ಇಷ್ಟು ವರ್ಷ ಗುಡುಗಿದ್ದು ಯಾರ ಗಂಟಲಿನಿಂದ? ನನ್ನದರಿಂದ. ಮೈ ಬಂಡೆಯ ಹಾಗಿದ್ದರೂ ಅವನ ದನಿ ತೆಳು, ಅದೂ ಅರ್ಧ ಮೂಗಿನಿಂದ ಬರುವಂಥದ್ದು. ಮೊದಲ ಸಿನಿಮಾದಲ್ಲಿ ಅದನ್ನು ಕೇಳಿದ ನಿರ್ಮಾಪಕರು ತಲೆ ಮೇಲೆ ಕೈ ಹೊತ್ತು ಕೂತಿದ್ದರಂತೆ. ನಾಟಕಗಳಲ್ಲಿ ರಾಜನ ಪಾತ್ರ ಮಾಡಿಕೊಂಡಿದ್ದ ನನ್ನನ್ನು ಕರೆಸಿ ಮೈಕಿನ ಮುಂದೆ ನಿಲ್ಲಿಸಿದರು. ಅಂದಿನಿಂದ ಅವನು ಬಾಯಿ ಆಡಿಸುತ್ತಾನೆ, ನಾನು ಮಾತಾಡುತ್ತೇನೆ. ಅವನು ನನ್ನನ್ನು ಕರೆಯುವುದೂ 'ಗಂಟಲು' ಎಂದೇ. ಸಿನಿಮಾದವರಿಗೆಲ್ಲ ಇದು ಗೊತ್ತು, ಹೊರಗಿನವರಿಗೆ ಅರ್ಧಂಬರ್ಧ.

ಈಗ ಕೊನೆಯ ಸಿನಿಮಾಕ್ಕೆ ನಾನು ಬೇಡವಾದೆ. ಒಂದು ಮಾತು ನನಗೆ ಹೇಳಬೇಕು ಅಂತಲೂ ಅನಿಸಲಿಲ್ಲವಲ್ಲ ಅವನಿಗೆ.

"ಯಾರಂತೆ?" ಎಂದಳು ಇವಳು, ಹೊಲಿಗೆ ಯಂತ್ರ ನಿಲ್ಲಿಸಿ. ಏನಿಲ್ಲ ಎಂದು ಕೈಯಾಡಿಸಿದೆ. ಮನೆಯಲ್ಲಿ ನಾನು ಮಾತಾಡುವುದು ಕಡಿಮೆ. ಗಂಟಲು ಸವೆಯಬಾರದೆಂದು ಮದುವೆಯಾದ ಹೊಸತರಲ್ಲೇ ಮಾಡಿಕೊಂಡ ನಿಯಮ ಅದು. ಬೇಕು ಬೇಡ ಎಲ್ಲ ತಲೆ ಅಲ್ಲಾಡಿಸಿಯೇ ತಿಳಿಸುವುದು.

"ಬಿಡಿ, ಬಾಯಿಬಿಟ್ರೆ ಮುತ್ತು ಉದುರಿ ಹೋದಾವು" ಎಂದು ಮತ್ತೆ ಯಂತ್ರ ತುಳಿಯತೊಡಗಿದಳು.

ಮಾರ್ಚ್ 5, ಬುಧವಾರ

ಇವತ್ತಿನ ಕೆಲಸ ಒಂದು ಲಿಫ್ಟಿಗೆ ದನಿ ಕೊಡುವುದು. "ಬಾಗಿಲು ಮುಚ್ಚುತ್ತಿದೆ. ದಯವಿಟ್ಟು ದೂರ ನಿಲ್ಲಿ." ಎಂಟು ಸಲ ಹೇಳಿಸಿದರು. ಇನ್ನೂ ಮೆತ್ತಗೆ ಹೇಳಿ ಸಾರ್, ಮನೆಯವರ ಹತ್ತಿರ ಮಾತಾಡೋ ಹಾಗೆ ಹೇಳಿ, ಎಂದರು. ಮನೆಯವರ ಹತ್ತಿರ ಹೇಗೆ ಮಾತಾಡುತ್ತೇನೋ ಆ ಪುಣ್ಯಾತ್ಮರಿಗೇನು ಗೊತ್ತು.

ದಾರಿಯುದ್ದಕ್ಕೂ ಅದೇ ಯೋಚನೆ. ಅವನು ಡಬ್ಬಿಂಗ್ ಮಾಡುತ್ತಾನಂತೆ. ಶೂಟಿಂಗಿನಲ್ಲಿ ಅವನು ಒಂದೇ ಒಂದು ದಿನವೂ ಸಂಭಾಷಣೆ ಹೇಳಿದವನಲ್ಲ. ಎಣಿಸುತ್ತಾನೆ. ಅವನು ಸಿನಿಮಾಕ್ಕೆ ಬಂದದ್ದೇ ಫೈಟರ್ ಆಗಿ. ಫೈಟಿನವರಿಗೆ ಎಲ್ಲವೂ ಎಣಿಕೆಯ ಮೇಲೆ: ಒಂದಕ್ಕೆ ಉಸಿರು, ಎರಡಕ್ಕೆ ತಿರುಗು, ಮೂರಕ್ಕೆ ಹಿಡಿತ ಬಿಗಿ, ನಾಲ್ಕಕ್ಕೆ ಕೈ ಬಿಡು. ಮಹಡಿಯ ಅಂಚಿನಲ್ಲಿ ನೇತಾಡುವವನು ನಾಲ್ಕು ಎಂದಮೇಲೆ ಕೆಳಗಿರಲೇಬೇಕು. ನಾಯಕನಾದಮೇಲೂ ಆ ಚಾಳಿ ಹೋಗಲಿಲ್ಲ. ತಾಯಿ ಸತ್ತ ಸೀನಿರಲಿ, ವಿಲನ್ನಿಗೆ ಸವಾಲು ಹಾಕುವುದಿರಲಿ, ಅವನ ಬಾಯಲ್ಲಿ ಒಂದು, ಎರಡು, ಮೂರು, ನಾಲ್ಕು. ಹೇಗೂ ಮಾತು ಕೂರಿಸಲು ನಾನಿದ್ದೆನಲ್ಲ.

ಶೂಟಿಂಗಿನ ಜಾಗದಲ್ಲೇ ಗುರುತಿಗೆಂದು ಹಿಡಿದ ಆ ದನಿಗೆ ನಮ್ಮಲ್ಲಿ ಕಚ್ಚಾ ದನಿ ಎನ್ನುತ್ತೇವೆ. ಡಬ್ಬಿಂಗ್ ಮುಗಿದಮೇಲೆ ಅದನ್ನು ತೆಗೆದು ಎಸೆಯುತ್ತಾರೆ. ಹೆಡ್‌ಫೋನಿನಲ್ಲಿ ಅದು ಓಡುತ್ತಿರುತ್ತದೆ, ಅದರ ಮೇಲೆ ನಾನು ಮಾತು ಕೂರಿಸುತ್ತೇನೆ. ಆ ಮೂಗಿನ ಎಣಿಕೆಯನ್ನು ನನ್ನಷ್ಟು ಕೇಳಿದವರು ಭೂಮಿಯ ಮೇಲೆ ಯಾರೂ ಇಲ್ಲ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅದೂ ನಿಂತಿತು.

ಮಾಡಲಿ, ಮಾಡಲಿ. ಮೈಕಿನ ಮುಂದೆ ನಿಂತಾಗ ಗೊತ್ತಾಗುತ್ತದೆ ಇದು ಎಷ್ಟು ಕಷ್ಟದ ಕೆಲಸ ಅಂತ.

ಮಾರ್ಚ್ 14, ಶುಕ್ರವಾರ

ಗೊತ್ತಾಗಿದೆ. ನಿರ್ದೇಶಕಿಯೇ ಫೋನ್ ಮಾಡಿದ್ದಳು. ನನ್ನ ಮಗಳಿಗಿಂತ ಚಿಕ್ಕ ಹುಡುಗಿ, ಇದು ಅವಳ ಎರಡನೆಯ ಸಿನಿಮಾ. "ಸರ್, ಒಂದು ಸಲ ಬಂದು ಹೋಗ್ತೀರಾ? ಅವರಿಗೆ ಕಷ್ಟ ಆಗ್ತಿದೆ." ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಕನ್ನಡಿಯ ಮುಂದೆ ಎರಡು ಸಲ ಗಂಟಲು ಸರಿಮಾಡಿಕೊಂಡೆ. ಬಾಗಿಲಲ್ಲಿ ಇವಳು, "ಹೆಣ್ಣು ನೋಡೋಕೆ ಹೊರಟ ಹಾಗಿದೆ" ಎಂದಳು.

ಡಬ್ಬಿಂಗ್ ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಅವನು ಕೂತಿದ್ದ. ಮೊದಲು ಗುರುತೇ ಸಿಗಲಿಲ್ಲ. ತಲೆಗೆ ಬಣ್ಣ ಇಲ್ಲ, ಹೊಟ್ಟೆ ಬಿಗಿಯುವ ಪಟ್ಟಿ ಇಲ್ಲ, ಒಂದು ಮೊಣಕಾಲಿಗೆ ಕಟ್ಟು. ಎದ್ದು ನಿಲ್ಲಲು ಗೋಡೆ ಹಿಡಿದುಕೊಂಡ.

"ಬಾ ಗಂಟಲು. ನಂಗೆ ಬರಲ್ಲ ಕಣೋ ಇದು" ಎಂದ.

"ಅಭ್ಯಾಸ ಆಗ್ಬೇಕು ಸರ್" ಎಂದೆ. ಒಳಗೊಳಗೇ ಸಕ್ಕರೆ ತಿಂದ ಹಾಗಾಯಿತು.

ಆ ಹುಡುಗಿ ನನ್ನನ್ನು ಡಬ್ಬಿಂಗಿಗೆ ಕರೆದಿರಲಿಲ್ಲ. ಅವನ ಪಕ್ಕ ನಿಂತು ಹೇಳಿಕೊಡಬೇಕಂತೆ, ಉಸಿರು ಎಲ್ಲಿ ತೆಗೆಯಬೇಕು, ತುಟಿಗೆ ಮಾತು ಹೇಗೆ ಕೂರಿಸಬೇಕು ಅಂತ. ಅಂದರೆ ನನ್ನ ಗುಂಡಿ ನಾನೇ ತೋಡಿ, ಮಣ್ಣನ್ನೂ ನಾನೇ ಹೊರಬೇಕು. ಆಗಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅವನು ಮೈಕಿನ ಮುಂದೆ ನಿಂತಿದ್ದ. ನೋಡೋಣ ಎಂದು ಸುಮ್ಮನಾದೆ.

ಸಿನಿಮಾದಲ್ಲಿ ಅವನದು ಮುದಿ ಬಸ್ ಡ್ರೈವರ್ ಪಾತ್ರ. ಹೆಂಡತಿಗೆ ಹುಷಾರಿಲ್ಲ. ಮೊದಲ ಸೀನಿನಲ್ಲಿ ಅವಳಿಗೆ ನೀರು ಬೇಕಾ ಎಂದು ಕೇಳಬೇಕು, ಅಷ್ಟೇ. ಅವನು ಎದೆ ಉಬ್ಬಿಸಿ, ದನಿಯನ್ನು ಹೊಟ್ಟೆಯ ಆಳದಿಂದ ಎಳೆದು, "ನೀರು ಬೇಕಾ" ಎಂದ. ಅದು ನನ್ನ ದನಿ. ನಾನು ಅವನಿಗಾಗಿ ಮಾಡಿದ ದನಿಯನ್ನು ಅವನು ಅನುಕರಣೆ ಮಾಡುತ್ತಿದ್ದ. ವಿಲನ್ನಿಗೆ ವಿಷ ಕುಡಿಸುವವನ ಹಾಗೆ ಕೇಳಿಸಿತು. ಇಂಜಿನಿಯರ್ ಗಾಜಿನ ಆ ಕಡೆ ತಲೆ ತಗ್ಗಿಸಿ ನಗು ನುಂಗಿಕೊಂಡ.

ಸಂಜೆಯ ತನಕ ಇದೇ ಆಯಿತು. ಒಂದು ಸೀನೂ ಮುಗಿಯಲಿಲ್ಲ. ನಾನು ಏನು ಹೇಳಿಕೊಟ್ಟೆ? ಉಸಿರಿನ ಬಗ್ಗೆ ಒಂದೆರಡು ಮಾತು. ನನ್ನನ್ನು ಅನುಕರಿಸಬೇಡ ಎಂದು ಮಾತ್ರ ಹೇಳಲಿಲ್ಲ. ಯಾಕೆ ಹೇಳಬೇಕು?

ಮಾರ್ಚ್ 15, ಶನಿವಾರ

ಮತ್ತೆ ಅದೇ. ಅವನು ಬಿಸಿನೀರು ಕುಡಿದು ಕುಡಿದು ಸುಸ್ತಾದ. ಇನ್ನು ಹೆಚ್ಚು ದಿನ ಇಲ್ಲ, ನನ್ನ ಕರೆಯುತ್ತಾರೆ.

ಮಾರ್ಚ್ 27, ಗುರುವಾರ

ಕರೆದರು.

ಇವತ್ತು ಆಸ್ಪತ್ರೆಯ ಸೀನು. ಅವನು ಬೆಂಚಿನಿಂದ ಏಳಲೇ ಇಲ್ಲ. "ಇದು ನನ್ನ ಕೈಲಾಗಲ್ಲ ತಾಯಿ, ಗಂಟಲೇ ಮಾಡ್ಲಿ" ಎಂದು ಹುಡುಗಿಗೆ ಕೈ ಮುಗಿದ. ಅವಳು ಬಹಳ ಹೊತ್ತು ಗೋಡೆ ನೋಡುತ್ತ ನಿಂತಿದ್ದು, "ಸರ್, ಈ ಒಂದು ಸೀನ್ ಮಾಡಿಕೊಡಿ" ಎಂದಳು. ಒಂದು ಆದರೆ ಉಳಿದದ್ದೂ ಆದ ಹಾಗೆಯೇ. ಒಂದೇ ಪಾತ್ರಕ್ಕೆ ಎರಡು ದನಿ ಇರಲಾರದು. ಗೆದ್ದೆ ಎಂದುಕೊಂಡೆ.

ದೀಪ ಆರಿತು. ಪರದೆಯ ಮೇಲೆ ಚಿತ್ರ ಬಂತು. ಈ ಸೀನನ್ನು ನಾನು ನೋಡುತ್ತಿದ್ದುದು ಅದೇ ಮೊದಲು.

ಹೆಂಡತಿ ಮಂಚದ ಮೇಲಿದ್ದಾಳೆ, ಮೂಗಿಗೆ ಕೊಳವೆ. ಅವನು ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದಾನೆ. ಅವನ ಮೈಗೆ ಅದು ಸಾಲದು, ಅರ್ಧ ಹೊರಗೇ ಇದ್ದಾನೆ. ಯಂತ್ರ ತೆಗೆಯಲು ಒಪ್ಪಿಗೆ ಬೇಕು ಎಂದು ಡಾಕ್ಟರ್ ಹೇಳಿ ಹೋಗಿದ್ದಾರೆ. ಅವನು ಕನ್ನಡಕಕ್ಕೆ ಜೇಬು ತಡವುತ್ತಾನೆ, ಸಿಕ್ಕುತ್ತದೆ, ಹಾಕಿಕೊಳ್ಳುವುದಿಲ್ಲ. ಹೊದಿಕೆಯ ಅಂಚು ಸರಿಮಾಡುತ್ತಾನೆ. ಅದು ಸರಿಯಾಗಿಯೇ ಇತ್ತು. ಅವಳ ಕೈ ಹಿಡಿದು ಹೆಬ್ಬೆರಳಿನಿಂದ ಅವಳ ಉಗುರನ್ನು ಒರೆಸುತ್ತಾನೆ, ಏನೋ ಅಂಟಿದೆ ಎಂಬಂತೆ. ಎಂದೋ ಒಮ್ಮೆ ಮಹಡಿಯಿಂದ ಬಿದ್ದಾಗ ಮುರಿದ ಅವನ ದವಡೆ ಸಣ್ಣಗೆ ಅದುರುತ್ತದೆ. ಕಣ್ಣಲ್ಲಿ ನೀರಿಲ್ಲ. ಅವಳ ಮುಖ ನೋಡುವುದೇ ಇಲ್ಲ, ಯಂತ್ರವನ್ನು ನೋಡುತ್ತಾನೆ. ಮಧ್ಯದಲ್ಲಿ ಎಲ್ಲೂ ಕತ್ತರಿಸಿಲ್ಲ. ಹುಬ್ಬು ಏರಿಸುವವನು, ಎದೆ ಉಬ್ಬಿಸುವವನು ಅಲ್ಲಿ ಯಾರೂ ಇರಲಿಲ್ಲ. ಇದು ಯಾರು ಎಂದು ನನಗೇ ಅನಿಸಿತು.

ಮಾತು ಕೂರಿಸಲು ನಾನು ಅವನ ತುಟಿ ನೋಡಬೇಕಿತ್ತು. ನೋಡಿದ್ದು ಮುಖ. ಮೊದಲ ಸಲ ತಪ್ಪಿದೆ. ನಾನು ಹೀಗೆ ಮೊದಲ ಸಲಕ್ಕೇ ತಪ್ಪುವವನಲ್ಲ.

ಎರಡನೆಯ ಸಲ ಸರಿಹೋಯಿತು. ಹೆಂಡತಿಗೆ ಹೇಳುವ ಕೊನೆಯ ಮಾತುಗಳು, ಎರಡು ಪುಟ, ಚೆನ್ನಾಗಿಯೇ ಬರೆದಿದ್ದಾಳೆ ಹುಡುಗಿ. ದನಿ ಎಲ್ಲಿ ಒಡೆಯಬೇಕೋ ಅಲ್ಲಿ ಒಡೆಯಿತು, ಎಲ್ಲಿ ನಿಲ್ಲಬೇಕೋ ನಿಂತಿತು. ಇಂಜಿನಿಯರ್ ಕಣ್ಣು ಒರೆಸಿಕೊಂಡ. ಸಿಡಿಲು ಬಾಗಿಲ ಸಂದಿಯಲ್ಲಿ ನಿಂತು ಕೇಳಿ, "ಇದೇ ಇರ್ಲಿ. ಮುಗೀತು" ಎಂದು ನನ್ನ ಬೆನ್ನು ತಟ್ಟಿದ. ಅವನ ಮುಖದಲ್ಲಿ ಬಿಡುಗಡೆಯಾದ ಖುಷಿ. ಹುಡುಗಿ ಮಾತ್ರ ಇನ್ನೂ ಪರದೆಯನ್ನೇ ನೋಡುತ್ತಿದ್ದಳು.

ಹೆಡ್‌ಫೋನಿನಲ್ಲಿ ಎಂದಿನ ಹಾಗೆ ಅವನ ಎಣಿಕೆ ಓಡುತ್ತಿತ್ತು. ಅದರಲ್ಲಿ ಏನೋ ಹೆಚ್ಚುಕಮ್ಮಿ ಇತ್ತು. ಏನೆಂದು ಹೊಳೆಯಲಿಲ್ಲ.

ಊಟಕ್ಕೆ ಕೂತಾಗ ಇವಳಿಗೆ ಎಲ್ಲ ಹೇಳಿದೆ, ಸ್ಟೂಲು, ಕನ್ನಡಕ, ಉಗುರು, ಎಲ್ಲ. ಅವಳು ತುತ್ತು ಕೈಯಲ್ಲೇ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು, ಯಾಕೋ. ಕೊನೆಗೆ, "ಅಷ್ಟು ಹೊತ್ತಿಂದ ಅವರು ಏನು ಮಾಡಿದ್ರು ಅಂತಲೇ ಹೇಳ್ತಿದೀರಿ. ನೀವು ಏನು ಹೇಳಿದ್ರಿ ಅಂತ ಒಂದು ಮಾತೂ ಹೇಳ್ಲಿಲ್ಲ" ಎಂದಳು. ಹೇಳೋಣವೆಂದು ನೆನಪು ಮಾಡಿಕೊಂಡೆ. ಎರಡು ಪುಟದಲ್ಲಿ ಒಂದು ಸಾಲೂ ಬಾಯಿಗೆ ಬರಲಿಲ್ಲ.

ಏಪ್ರಿಲ್ 2, ಬುಧವಾರ

ಗಡ್ಡ ಹೆರೆಯುತ್ತಿದ್ದಾಗ ಹೊಳೆಯಿತು. ಒಂದು, ಎರಡು, ಮೂರು. ಸುಮ್ಮನಾಗುತ್ತಾನೆ. ಮತ್ತೆ ಒಂದು, ಎರಡು, ಮೂರು. ಮತ್ತೆ ಸುಮ್ಮನೆ. ಇಡೀ ಸೀನಿನಲ್ಲಿ ಅವನು ಒಮ್ಮೆಯೂ ನಾಲ್ಕು ಎನ್ನಲಿಲ್ಲ.

ಇಷ್ಟು ವರ್ಷ ಕೇಳಿದ್ದೇನೆ. ಅವನು ನಾಲ್ಕು ಬಿಟ್ಟದ್ದೇ ಇಲ್ಲ.

ಕೆನ್ನೆ ಕೊಯ್ದುಕೊಂಡೆ. ಇವಳು ಹತ್ತಿ ಹಿಡಿದು ಬಂದು, "ಯಾರ ಜೊತೆ ಜಗಳ?" ಎಂದಳು. ಯಾರ ಜೊತೆಯೂ ಇಲ್ಲ ಎಂದು ಶುರು ಮಾಡಿದವನು ಅಲ್ಲೇ ಸಿಂಕಿಗೆ ಒರಗಿ ನಿಂತು ಕಾಫಿ ಆರುವ ತನಕ ಹೇಳಿದೆ. ಅವಳಿಗೆ ಹೊಲಿಯಲು ಬಟ್ಟೆ ಕೊಡಲು ಬಂದವರು ಹಾಗೇ ಬಾಗಿಲಲ್ಲಿ ಕಾದರು.

"ಹಾಗಾದ್ರೆ ಅದು ಹಾಗೇ ಇರಬೇಕಿತ್ತು ಅಂತೀರಾ?" ಎಂದಳು.

"ಹಾಗಂದ್ರೆ ನಾನು ಎಲ್ಲಿ ಹೋಗ್ಲಿ?" ಎಂದೆ.

ಅವಳು ಕೆನ್ನೆಗೆ ಹತ್ತಿ ಒತ್ತಿ ಹಿಡಿದಳು.

ಏಪ್ರಿಲ್ 3, ಗುರುವಾರ

ಅವನ ಮನೆಗೆ ಹೋದೆ. ಇಷ್ಟು ವರ್ಷದಲ್ಲಿ ಹೋದದ್ದು ಎರಡನೆಯ ಸಲ. ಅವನ ತಂಗಿ ಬಾಗಿಲು ತೆಗೆದು, "ಬನ್ನಿ ಅಣ್ಣ, ನಿಮ್ಮ ದನಿ ಕೇಳಿ ಟೀವಿ ಹಾಕಿದಾರೆ ಅಂದ್ಕೊಂಡೆ" ಎಂದು ನಕ್ಕಳು. ಅವನು ಒಳಗೆ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ ಹಿಗ್ಗಿದ.

"ನಿನ್ನ ಸೀನು ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನುತ್ತೆ ಗಂಟಲು."

"ಸರ್, ಆ ಸೀನಿಗೆ ನನ್ನ ದನಿ ಬೇಡ. ಕಚ್ಚಾ ದನಿಯೇ ಇರ್ಲಿ."

ತಮಾಷೆ ಎಂದುಕೊಂಡು ನಕ್ಕ. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದ. "ತಲೆ ನೆಟ್ಟಗಿದೆ ತಾನೇ? ಹೆಂಡತಿ ಸಾಯ್ತಿರುವಾಗ ಗಂಡ ಆದವನು ಒಂದು ಎರಡು ಅಂತ ಎಣಿಸ್ತಾ ಕೂತಿರ್ತಾನಾ?"

"ಮಾತು ಮರೆತು ಹೋಯ್ತಾ ಅವತ್ತು?"

"ಎಲ್ಲಿ ಮರೆಯೋದು? ಎರಡು ಪುಟ ಬಾಯಿಪಾಠ ಮಾಡಿದ್ದೆ. ಇವಳನ್ನ ಕೇಳು, ತಿಂಗಳು ಪೂರ್ತಿ ಇವಳ ತಲೆ ತಿಂದಿದೀನಿ." ತಂಗಿ ಹೌದೆಂದು ತಲೆಯಾಡಿಸಿದಳು. "ಅಲ್ಲಿ ಹೋಗಿ ಕೂತೆ. ಆ ಹೆಣ್ಣುಮಗಳು ಕಣ್ಣು ಮುಚ್ಕೊಂಡು ಮಲಗಿದ್ಲು, ಪಾತ್ರ ಮಾಡ್ತಿದ್ದೋಳು. ಕೈ ತಣ್ಣಗಿತ್ತು. ನಂಗೆ ಭಯ ಆಯ್ತು ಕಣೋ. ಭಯ ಆದ್ರೆ ನಂಗೆ ಎಣಿಸೋದು ಬಿಟ್ರೆ ಏನೂ ಬರಲ್ಲ."

"ಮತ್ತೆ ನಾಲ್ಕು ಯಾಕೆ ಹೇಳ್ಲಿಲ್ಲ ನೀನು?"

ಅವನಿಗೆ ಅದು ಗೊತ್ತೇ ಇರಲಿಲ್ಲ. ಮನಸ್ಸಿನಲ್ಲೇ ಒಮ್ಮೆ ಎಣಿಸಿ ನೋಡಿದನೆಂದು ಕಾಣುತ್ತದೆ, ತುಟಿ ಅಲ್ಲಾಡಿತು. ಆಮೇಲೆ ತನ್ನ ಬಲಗೈ ನೋಡಿಕೊಂಡ.

"ನಾಲ್ಕು ಅಂದ್ರೆ ಬಿಟ್ಟುಬಿಡ್ಬೇಕಲ್ಲೋ" ಎಂದ.

ತಂಗಿ ಎದ್ದು ಒಳಗೆ ಹೋದಳು. ಆಮೇಲೆ ಅವನೇ ಬೇಡ ಬೇಡ ಎಂದ. ಒಂದು ಸಮಾರಂಭದಲ್ಲಿ ಯಾರೋ ಬಲವಂತವಾಗಿ ಮೈಕು ಕೈಗೆ ಕೊಟ್ಟರಂತೆ, 'ಎಲ್ಲರಿಗೂ ನಮಸ್ಕಾರ' ಎಂದನಂತೆ, ಅಷ್ಟಕ್ಕೆ ಮುಂದಿನ ಸಾಲಿನಲ್ಲಿದ್ದ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವಂತೆ. ಅಂದಿನಿಂದ ಎಲ್ಲಿ ಹೋದರೂ ಬರೀ ಕೈ ಎತ್ತಿ ಇಳಿದುಬಿಡುತ್ತಾನೆ. ಇದು ನನಗೆ ಗೊತ್ತಿರಲಿಲ್ಲ. ಅದು ಅವನ ಸ್ಟೈಲು ಎಂದುಕೊಂಡಿದ್ದೆ.

"ಈ ಸಿನಿಮಾ ನನ್ನ ದನಿಯಲ್ಲೇ ಮಾಡ್ತೀನಿ ಅಂತ ನಾನೇ ಹಟ ಹಿಡಿದಿದ್ದು. ಸಾಯೋದ್ರೊಳಗೆ ಒಂದ್ಸಲ ಅಂತ. ಆದ್ರೆ ಆಗಲ್ಲ. ನಗ್ತಾರೆ. ನಿನ್ನ ದನಿ ಇದ್ರೆ ನಾನೂ ಬಚಾವು, ನೀನೂ ಬಚಾವು. ಇದೇ ಕೊನೇದು, ಇದ್ರಲ್ಲಿ ನೀನು ಇಲ್ದೆ ಹೋದ್ರೆ ನಾಳೆ ನಿನ್ನ ಯಾರು ಕೇಳ್ತಾರೆ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆಗಲಿ ಎಂದು ಎದ್ದು ಬಂದೆ. ಬಸ್ಸಿನಲ್ಲಿ ಕೂತು ಮೂರರ ತನಕ ಎಣಿಸಿದೆ, ಮತ್ತೆ ಒಂದರಿಂದ.

ಏಪ್ರಿಲ್ 4, ಶುಕ್ರವಾರ

ಥಿಯೇಟರಿಗೆ ಹೋದೆ. ನಿರ್ದೇಶಕಿ ಒಬ್ಬರೇ ಕತ್ತಲಲ್ಲಿ ಕೂತು ಅದೇ ಸೀನು ನೋಡುತ್ತಿದ್ದರು. ಮೊದಲು ನನ್ನ ದನಿಯಲ್ಲಿ, ಆಮೇಲೆ ಕಚ್ಚಾ ದನಿಯಲ್ಲಿ, ಮತ್ತೆ ನನ್ನದರಲ್ಲಿ. ನನ್ನನ್ನು ನೋಡಿ ನಾಚಿಕೊಂಡರು.

"ಆ ಎರಡು ಪುಟ ಬರೆಯೋಕೆ ನಂಗೆ ವರ್ಷ ಹಿಡೀತು ಸರ್" ಎಂದರು. "ನೀವು ಅದನ್ನ ಎಷ್ಟು ಚೆನ್ನಾಗಿ ಹೇಳಿದೀರಿ ಅಂದ್ರೆ... ಬರೆದೋಳಿಗೆ ಇನ್ನೇನು ಬೇಕು. ಆದ್ರೆ ನೀವು ಮಾತಾಡಿದ ತಕ್ಷಣ ನಾನು ಕಿವಿ ಕೊಡ್ತೀನಿ, ಅವರ ಮುಖ ನೋಡೋದು ಬಿಡ್ತೀನಿ."

"ಅವನು ಒಪ್ಪಲ್ಲ" ಎಂದೆ.

"ಗೊತ್ತು. ಅದಕ್ಕೇ ಕೂತಿದೀನಿ."

ನಾನು ಇಂಜಿನಿಯರನ್ನು ಕರೆದೆ. ನಾನು ಮಾಡಿದ ಸೀನನ್ನು ಅಳಿಸು ಎಂದೆ. ಅವನು ನಿರ್ದೇಶಕಿಯ ಮುಖ ನೋಡಿದ, ಅವರು ನನ್ನ ಮುಖ ನೋಡಿದರು.

"ನನ್ನ ದನಿ ನಾನು ಕೊಡಲ್ಲ. ಇನ್ನೊಂದು ಸಲ ಹೇಳೋದೂ ಇಲ್ಲ. ಅವನು ಕೇಳಿದ್ರೆ ಗಂಟಲು ಕೈ ಕೊಟ್ಟ ಅನ್ನಿ, ಆಗ ಅವನಿಗೆ ಬೇರೆ ದಾರಿ ಇರಲ್ಲ."

"ಅಳಿಸಿದ್ರೆ ಮತ್ತೆ ಬರಲ್ಲ ಅಣ್ಣ. ಇಂಥದ್ದು ನೀವು ಇನ್ನೊಂದು ಮಾಡಿಲ್ಲ" ಎಂದ ಇಂಜಿನಿಯರ್.

"ಅಳಿಸೋ" ಎಂದೆ.

ಅಳಿಸಿದ. ಅದಕ್ಕೆ ಏನೂ ಹೊತ್ತು ಹಿಡಿಯಲಿಲ್ಲ. ಹೊರಗೆ ಬಂದು ಬೆಂಚಿನಲ್ಲಿ ಕೂತಾಗ ಅಳು ಬಂತು. ನನ್ನ ಜೀವಮಾನದಲ್ಲೇ ನಾನು ಮಾಡಿದ ಒಳ್ಳೆಯ ಕೆಲಸ ಅದು, ಕೇಳಿದವರು ನಾಲ್ಕೇ ಜನ. ಅಳಿಸಬಾರದಿತ್ತು ಎಂದು ಈಗ ಬರೆಯುತ್ತಿರುವಾಗಲೂ ಅನಿಸುತ್ತಿದೆ.

ಏಪ್ರಿಲ್ 9, ಬುಧವಾರ

ಅವನು ಬಂದ. ನನ್ನ ಮುಖ ನೋಡಲಿಲ್ಲ. "ಬೆನ್ನಿಗೆ ಚೂರಿ" ಎಂದು ಇಂಜಿನಿಯರಿಗೆ ಹೇಳಿದ, ನನಗೆ ಕೇಳಲಿ ಎಂದೇ. ಬೂತಿನ ಒಳಗೆ ಹೋಗಿ ಎದೆ ಉಬ್ಬಿಸಿ "ನೀರು ಬೇಕಾ" ಎಂದ. ಮತ್ತೆ ನನ್ನ ದನಿ.

"ಅದು ನಂದು. ಅದನ್ನ ಅಲ್ಲೇ ಇಟ್ಟುಬಿಡು" ಎಂದೆ. ದುರುಗುಟ್ಟಿ ನೋಡಿದ. ಮಧ್ಯಾಹ್ನದ ತನಕ ಏನೂ ಆಗಲಿಲ್ಲ.

ಏಪ್ರಿಲ್ 11, ಶುಕ್ರವಾರ

ಇವತ್ತು ಆಯಿತು. ದೀಪ ಆರಿಸಲು ಹೇಳಿ ನಾನು ಕೆಳಗೆ ಅವನ ಕಾಲ ಹತ್ತಿರ ಕೂತೆ. ಮೊದಲು ಎಣಿಸು ಎಂದೆ. ಎಣಿಸಿದ. ಆ ಎಣಿಸುವ ದನಿಯಲ್ಲೇ ನೀರು ಬೇಕಾ ಅಂತ ಕೇಳು, ಎದುರಿಗೆ ನಿನ್ನ ತಂಗಿ ಇದ್ದಾಳೆ ಅಂದುಕೋ ಎಂದೆ. ಕೇಳಿದ. ತೆಳು, ಮೂಗಿನಲ್ಲಿ, ಸ್ವಲ್ಪ ತಡವರಿಸಿ. ನನಗೇ ಬಾಯಾರಿದ ಹಾಗಾಯಿತು. ಗಾಜಿನ ಆ ಕಡೆಯಿಂದ ನಿರ್ದೇಶಕಿ ಕೈ ಎತ್ತಿ ತೋರಿಸಿದರು.

ಬೂತಿನಿಂದ ಹೊರಗೆ ಬಂದು, "ಚಹಾ ಕುಡೀತೀಯಾ?" ಎಂದ. ಅವನು ಮಾತಾಡಿದ್ದು ಅಷ್ಟೇ. ಕುಡಿದೆವು.

ಏಪ್ರಿಲ್ 21, ಸೋಮವಾರ

ದಿನಕ್ಕೆ ಎರಡೋ ಮೂರೋ ಸೀನು. ಕೊಂಚ ಕೆಮ್ಮು. ಅವನಿಗಲ್ಲ, ನನಗೆ. ಸಂಜೆ ಇವಳು ಬಟ್ಟೆಗೆ ಗುಂಡಿ ಹಚ್ಚುವಾಗ ಪೇಪರು ಓದಿ ಹೇಳುತ್ತೇನೆ, ಅವಳ ಕಣ್ಣಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ವಿಲನ್ನು, ಮಂತ್ರಿ ಎಲ್ಲರ ದನಿಯಲ್ಲೂ ಓದಬೇಕಂತೆ. ಮಗಳು ಇವಳಿಗೆ ಫೋನ್ ಮಾಡಿದಾಗ, "ಅಮ್ಮಾ, ಹಿಂದೆ ಮಾತಾಡ್ತಿರೋದು ಅಪ್ಪನೇನಾ?" ಎಂದಳಂತೆ. ಇನ್ಯಾರು ಇರುತ್ತಾರೆ ಈ ಮನೆಯಲ್ಲಿ?

ಏಪ್ರಿಲ್ 30, ಬುಧವಾರ

ಡಬ್ಬಿಂಗ್ ಮುಗಿಯಿತು. ಆಸ್ಪತ್ರೆಯ ಸೀನಿನ ಕಚ್ಚಾ ದನಿ ಹಾಗೇ ಉಳಿಯಿತು, ಯಾರೂ ಮುಟ್ಟಲಿಲ್ಲ. ನಿರ್ದೇಶಕಿ ತಮ್ಮ ಎರಡು ಪುಟವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಜೂನ್ 20, ಶುಕ್ರವಾರ

ಇವತ್ತು ಬಿಡುಗಡೆ. ಮ್ಯಾಟಿನಿಗೆ ಇವಳನ್ನು ಕರೆದುಕೊಂಡು ಹೋದೆ. ಅವನು ಬರಲಿಲ್ಲ. ಬರೋಕೆ ಧೈರ್ಯ ಇಲ್ಲ ಎಂದು ನಿನ್ನೆಯೇ ಹೇಳಿದ್ದ, ನೀನು ನೋಡಿ ಹೇಳು ಎಂದಿದ್ದ.

ಥಿಯೇಟರ್ ತುಂಬಿತ್ತು. ಅವನ ಹಳೆಯ ಅಭಿಮಾನಿಗಳೇ ಹೆಚ್ಚು, ನಮ್ಮ ವಯಸ್ಸಿನವರು, ಅವರ ಮಕ್ಕಳು. ಅವನು ಪರದೆಯ ಮೇಲೆ ಬಂದಾಗ ಶಿಳ್ಳೆ ಬಿತ್ತು. ಅವನು ಮಂಚದ ಹತ್ತಿರ ಬಗ್ಗಿ "ನೀರು ಬೇಕಾ" ಎಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಅರ್ಧ ಥಿಯೇಟರ್ ನಕ್ಕಿತು. "ಏನಪ್ಪ ಇದು, ಸಿಡಿಲಿಗೆ ನೆಗಡಿ ಆಗಿದೆಯಾ" ಎಂದ ಒಬ್ಬ. ಎದ್ದು ಆ ಸಾಲನ್ನು ನಾನೇ ಹೇಳಿಬಿಡಲೇ, ನನ್ನ ದನಿಯಲ್ಲಿ, ಇಡೀ ಥಿಯೇಟರಿಗೆ ಕೇಳುವ ಹಾಗೆ, ಎಂದು ನಿಜಕ್ಕೂ ಅನಿಸಿತು. ಇವಳು ನನ್ನ ಮಂಡಿಯ ಮೇಲೆ ಕೈ ಇಟ್ಟಳು. ಮೂರು ನಾಲ್ಕು ಸೀನು ಆಗುವಷ್ಟರಲ್ಲಿ ನಗು ಕಡಿಮೆಯಾಯಿತು. ಆಮೇಲೆ ಯಾವಾಗ ನಿಂತಿತೋ ತಿಳಿಯಲಿಲ್ಲ.

ಆಸ್ಪತ್ರೆ ಬಂತು. ಅವನು ಕನ್ನಡಕ ಹುಡುಕಿದ, ಹೊದಿಕೆ ಸರಿಮಾಡಿದ. ಒಂದು. ಎರಡು. ಮೂರು.

ಯಾರೂ ನಗಲಿಲ್ಲ. ಮತ್ತೆ ಒಂದು, ಎರಡು, ಮೂರು. ಅವನು ಏನು ಎಣಿಸುತ್ತಿದ್ದಾನೆ ಎಂದು ಯಾರಿಗೂ ಯಾರೂ ಹೇಳಿರಲಿಲ್ಲ. ಅವಳ ಉಸಿರು ಎಂದು ಕೆಲವರು ಅಂದುಕೊಂಡಿರಬಹುದು, ಯಂತ್ರದ ಸದ್ದು ಎಂದು ಕೆಲವರು. ನನ್ನ ಪಕ್ಕದ ದಪ್ಪ ಮನುಷ್ಯ ಕರವಸ್ತ್ರ ಬಾಯಿಗೆ ಒತ್ತಿ ಹಿಡಿದಿದ್ದ. ಇವಳು ಅಳುತ್ತಿದ್ದಳು. ನಾನು ಆ ದನಿಯನ್ನು ಮೊದಲ ಸಲ ಹೆಡ್‌ಫೋನ್ ಇಲ್ಲದೆ, ಇಷ್ಟು ಜನರ ನಡುವೆ ಕೂತು ಕೇಳಿದೆ. ಅವರಿಗೂ ಈಗ ಅದು ಗೊತ್ತು. ನನಗೊಬ್ಬನಿಗೇ ಗೊತ್ತಿದ್ದ ದನಿ ಅದು. ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು, ಎರಡೂ ಒಟ್ಟಿಗೇ ಆಯಿತು.

ಹೊರಗೆ ಮೆಟ್ಟಿಲ ಹತ್ತಿರ ಜನ ಗುಂಪುಗಟ್ಟಿ ನಿಂತಿದ್ದರು. ಆ ದಪ್ಪ ಮನುಷ್ಯ ಕಣ್ಣು ಒರೆಸಿಕೊಳ್ಳುತ್ತ ತನ್ನ ಜೊತೆಯವನಿಗೆ ಹೇಳುತ್ತಿದ್ದ: "ಎಂಥ ನಟ ಮಾರಾಯ. ಇಷ್ಟು ವರ್ಷ ಯಾವನೋ ಡಬ್ಬಿಂಗ್‌ನವನನ್ನ ತಂದು ಹಾಕಿ, ಈ ಮನುಷ್ಯನನ್ನ ಹಾಳು ಮಾಡಿಟ್ಟಿದ್ರು."

ಇವಳು ಗಕ್ಕನೆ ನಿಂತಳು. ಅವಳ ಬಾಯಿಂದ ಏನು ಬರುತ್ತಿತ್ತೋ, ನಾನು ಅವಳ ಮೊಣಕೈ ಹಿಡಿದು ಮೆಟ್ಟಿಲಿಳಿಸಿದೆ. ರಸ್ತೆ ದಾಟುವ ತನಕ ಅವಳು ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ.

ಬಸ್ ನಿಲ್ದಾಣದಲ್ಲಿ ಇದ್ದಾಗ ಅವನ ಫೋನ್ ಬಂತು. ಹಲೋ ಗಿಲೋ ಏನೂ ಇಲ್ಲ.

"ನಕ್ಕರಾ?" ಎಂದ.

"ಮೊದಲು ನಕ್ಕರು."

"ಆಮೇಲೆ?"

"ಆಮೇಲೆ ಇಲ್ಲ. ಆಸ್ಪತ್ರೆ ಸೀನಲ್ಲಿ ಒಬ್ಬರೂ ಉಸಿರು ಬಿಡ್ಲಿಲ್ಲ. ಹೊರಗೆ ಬಂದು ಎಂಥ ನಟ ಅಂತಿದ್ರು. ನನ್ನ ಕಿವಿಯಾರೆ ಕೇಳಿದೆ."

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು. ಕೇಳಿದ: "ನಿನ್ನ ಬಗ್ಗೆ ಏನಾದ್ರೂ ಅಂದ್ರಾ?"

"ನನ್ನ ಬಗ್ಗೆ ಯಾಕೆ ಅಂತಾರೆ? ನಾನೆಲ್ಲಿದ್ದೆ ಅದ್ರಲ್ಲಿ" ಎಂದೆ.

ಅವನು ಫೋನ್ ಇಡಲಿಲ್ಲ. ಬಸ್ಸು ಬಂದು ಹೋಯಿತು, ನಾನೂ ಇಡಲಿಲ್ಲ.